ಮಸ್ಕತ್ತಿನಲ್ಲಿ ಸೂರ್ಯ ಮುಳುಗುವ ಕಡೆ

ಮೊನ್ನೆ ಎದುರು ಫ್ಲ್ಯಾಟಿನ ಶಾಂತಕ್ಕ ಒಂದು ಡಬ್ಬಿ ಖರ್ಜೂರ ತಂದುಕೊಟ್ಟರು. ಅಳಿಯ ಎಷ್ಟೋ ವರ್ಷದ ಮೇಲೆ ದುಬೈಯಿಂದ ಬಂದಿದ್ದಾನೆ, ಬಿಲ್ಡಿಂಗಿಗೆಲ್ಲ ಹಂಚುತ್ತಿದ್ದೇನೆ ಅಂದರು. ಬೇರೆ ದಿನವಾಗಿದ್ದರೆ ಒಳಗೆ ಬಂದು ಕಾಫಿ ಕುಡಿದು, ಲಿಫ್ಟ್ ಕೆಟ್ಟದ್ದರಿಂದ ಹಿಡಿದು ಸೊಸೆಯ ಅಡುಗೆಯವರೆಗೆ ಮಾತಾಡಿ ಹೋಗುವವರು, ಆವತ್ತು ಬಾಗಿಲಲ್ಲೇ ಕೊಟ್ಟು ಹೊರಟುಬಿಟ್ಟರು. ನಾನು ಮುಚ್ಚಳ ತೆಗೆದೆ. ಬೆಲ್ಲದ ಪಾಕಕ್ಕೆ ಹತ್ತಿರವಾದ ಆ ವಾಸನೆ ಮೂಗಿಗೆ ಬಂತು ನೋಡಿ, ಅಡುಗೆಮನೆಗೆ ಹೊರಟವಳು ನಡುಮನೆಯಲ್ಲೇ ನಿಂತೆ. ಯಾವ ಡಬ್ಬಿ ಕೈಗೆ ಬಂದರೂ ತಳ ತಿರುಗಿಸಿ ನೋಡುವುದು ನನ್ನ ಹಳೆಯ ಚಟ. ತಿರುಗಿಸಿದೆ. ತಳದಲ್ಲಿ ಮುಂಬಯಿಯ ನಮ್ಮ ಸಾಂತಾಕ್ರೂಜ್ ಸ್ಟೇಷನ್ನಿನ ಎದುರಿಗಿರುವ ಡ್ರೈಫ್ರೂಟ್ ಅಂಗಡಿಯ ಚೀಟಿ ಅಂಟಿಕೊಂಡಿತ್ತು.

ಇದರಲ್ಲಿ ಅಂಥ ವಿಶೇಷವೇನೂ ಇಲ್ಲ ಅನ್ನಿ. ನಿಜವಾಗಿ ದುಬೈಯಿಂದ ಬಂದವರೂ ತಂದದ್ದು ಸಾಲದೆ ಇಲ್ಲೇ ಕೊಂಡು ಹಂಚುವುದುಂಟು. ನಕ್ಕು ಮರೆತುಬಿಡಬಹುದಾಗಿತ್ತು. ಆದರೆ ನಾನು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹತ್ತಿರ ಕೂತೆ. ಅದೇ ಅಂಗಡಿಯ ಖರ್ಜೂರವನ್ನು ಮಸ್ಕತ್ತಿನದೆಂದು ಹಂಚಿದ ಇನ್ನೊಬ್ಬರು ನೆನಪಾದರು. ಗುರುಪಾದಪ್ಪ. ಅವರ ಮಸ್ಕತ್ತನ್ನು ಕಟ್ಟಿದವರಲ್ಲಿ ನಾನೂ ಒಬ್ಬಳು.

ಆಗ ನಾವು ಇದೇ ಬಿಲ್ಡಿಂಗಿಗೆ ಹೊಸಬರು. ನಮ್ಮವರು ಬೆಳಿಗ್ಗೆ ಗೋರೆಗಾಂವಿನ ಆಫೀಸಿಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಮೈಸೂರಿನಿಂದ ಬಿ.ಎ. ಮುಗಿಸಿ ಬಂದ ನಾನು ಬಾಲ್ಕನಿಯಲ್ಲಿ ನಿಂತು ವಿಮಾನ ನೋಡುತ್ತಿದ್ದೆ. ಅವು ಎಷ್ಟು ತಗ್ಗಿನಲ್ಲಿ ಹಾರುತ್ತಿದ್ದವೆಂದರೆ ಒಗ್ಗರಣೆ ಚಟಪಟ ಅಂದದ್ದೂ ಕೇಳಿಸುತ್ತಿರಲಿಲ್ಲ. ಇದನ್ನು ಕಂಡು ಮರುಗಿದ ಯಾರೋ, ಹತ್ತಿರದಲ್ಲೇ ಕನ್ನಡಿಗರ ಸಂಜೆ ಶಾಲೆಯಿದೆ, ಭೂಗೋಳಕ್ಕೆ ಜನ ಇಲ್ಲ ಅಂದರು. ಭೂಗೋಳವೆಂದರೆ ನನಗೂ ಅಷ್ಟಕ್ಕಷ್ಟೆ. ಆದರೆ ಕೇಳಿದವರು ಯಾರು, ಒಪ್ಪಿಬಿಟ್ಟೆ.

ಹಗಲು ಸಣ್ಣ ಮಕ್ಕಳು ಕೂರುವ ಬೆಂಚುಗಳಲ್ಲಿ ಸಂಜೆ ಆರಕ್ಕೆ ದೊಡ್ಡವರು ಮೊಣಕಾಲು ಮಡಚಿಕೊಂಡು ಕೂರುತ್ತಿದ್ದರು. ಹೆಚ್ಚಿನವರು ಉಡುಪಿ ಕಡೆಯಿಂದ ಬಂದು ಹೋಟೆಲುಗಳಲ್ಲಿ ದುಡಿಯುವವರು. ಕೈಯಲ್ಲಿ ಸಾಂಬಾರಿನ ವಾಸನೆ, ಕಣ್ಣಲ್ಲಿ ನಿದ್ದೆ. ಶಾಲೆಯನ್ನು ನಡೆಸುತ್ತಿದ್ದವರು ಧಾರವಾಡದ ಕುಲಕರ್ಣಿ ಮಾಸ್ತರು. ರಿಟೈರಾದ ಮೇಲೂ ಕೋಟು ಬಿಡದವರು. ಭಾನುವಾರ ಜೈಲಿಗೆ ಹೋಗಿ ಕೈದಿಗಳಿಗೆ ಅಕ್ಷರ ಕಲಿಸುವರು, ಬಿಡುಗಡೆಯಾದವರನ್ನು ತಂದು ನಮ್ಮ ಬೆಂಚಿನಲ್ಲಿ ಕೂರಿಸುವರು. ಸರಕಾರದ ಕೆಲಸ ಬಾಗಿಲು ತೆಗೆದು ಹೊರಗೆ ಬಿಡುವಲ್ಲಿಗೆ ಮುಗಿಯಿತು, ಅಲ್ಲಿಂದ ಮುಂದೆ ನಮ್ಮದು ಅನ್ನುವುದು ಅವರ ಮಾತು. ಓದುವ ಪ್ರೇರಣೆ ಮಾತ್ರ ಒಳಗಿನಿಂದಲೇ ಬರಬೇಕು, ಅದನ್ನು ನೀವು ಹುಡುಕಿ ತೆಗೆಯಬೇಕು ಎಂದು ನನಗೆ ಅಪ್ಪಣೆ ಮಾಡಿದ್ದರು. ನಾನೋ, ಒಡವೆ ಡಬ್ಬಿಯ ಕೀಲಿ ಎಲ್ಲಿಟ್ಟೆನೆಂದು ದಿನವಿಡೀ ಹುಡುಕುವ ಹೆಂಗಸು.

ಗುರುಪಾದಪ್ಪ ಬಂದದ್ದು ಹಾಗೆ. ವಿಜಾಪುರದ ಕಡೆಯವರು, ನಲವತ್ತರ ಹತ್ತಿರದ ವಯಸ್ಸು, ಮೇಜಿನಷ್ಟು ಅಗಲವಾದ ಎದೆ, ಅದಕ್ಕೆ ಹೊಂದದ ಸಣ್ಣ ದನಿ. ಹಿಂದೆ ಟೆಂಪೋ ಓಡಿಸುತ್ತಿದ್ದರಂತೆ. ಸರಕು ಇಳಿಸುವ ಜಾಗದಲ್ಲಿ ಜಗಳವಾಗಿ, ಇವರ ಏಟಿಗೆ ಬಿದ್ದ ಮನುಷ್ಯ ಮತ್ತೆ ಏಳಲಿಲ್ಲ. ಇದನ್ನು ಮಾಸ್ತರು ನನಗೊಬ್ಬಳಿಗೇ ಹೇಳಿದ್ದರು. ಜೈಲಿನಲ್ಲಿ ಮರಗೆಲಸ ಕಲಿತು, ಈಗ ಕಾಂದಿವಲಿಯ ಒಂದು ಫರ್ನಿಚರ್ ವರ್ಕ್‌ಶಾಪಿನಲ್ಲಿ ಕೆಲಸ, ಅಲ್ಲೇ ವಾಸ. ಹತ್ತನೆಯ ಇಯತ್ತೆ ಪಾಸಾದರೆ ಕಾಯಂ ಮಾಡಿಕೊಳ್ಳುವುದಾಗಿ ಮಾಲೀಕರ ಮಾತು. ಮೊದಲ ಕೆಲವು ದಿನ ನನಗೆ ಭಯವಾಗುತ್ತಿತ್ತು, ಸುಳ್ಳೇಕೆ. ಬೋರ್ಡಿಗೆ ಬರೆಯುವಾಗಲೂ ಅರ್ಧ ಮೈ ಈ ಕಡೆಗೇ ತಿರುಗಿಸಿ ನಿಲ್ಲುತ್ತಿದ್ದೆ. ಅವರು ನನ್ನನ್ನು ‘ಅಕ್ಕೋರ’ ಅಂದರು. ಅವರ ಸೀಮೆಯಲ್ಲಿ ಪಾಠ ಹೇಳುವ ಹೆಂಗಸು ಎಷ್ಟು ಚಿಕ್ಕವಳಾದರೂ ಅಕ್ಕನೇ. ನಮ್ಮ ಮೈಸೂರಿನ ‘ಮಿಸ್ಸು’ ಅನ್ನುವುದಕ್ಕಿಂತ ಇದು ನನಗೆ ಹಿತವಾಯಿತು, ಭಯ ತನ್ನಷ್ಟಕ್ಕೆ ಬಿಟ್ಟುಹೋಯಿತು.

ಒಂದನ್ನು ಗಮನಿಸಿದ್ದೆ. ತರಗತಿ ಶುರುವಾಗುವ ಹೊತ್ತಿಗೆ, ಬೆಳಕು ಹಳದಿಗೆ ತಿರುಗುವಾಗ, ಅವರಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಬಾಗಿಲ ಕಡೆ ನೋಡುವರು, ಎದ್ದು ಹೋಗಿ ಅದನ್ನು ಇನ್ನೂ ಅಗಲ ತೆರೆದು ಕಲ್ಲು ಇಟ್ಟು ಬರುವರು. ಟ್ಯೂಬ್‌ಲೈಟ್ ಹತ್ತಿ ಹೊರಗೆ ಪೂರ್ತಿ ಕತ್ತಲಾದ ಮೇಲೆ ಸಮಾಧಾನ. ಸೆಕೆ ಆಗುತ್ತಿರಬೇಕು ಅಂದುಕೊಂಡೆ.

ಯಾಕೆ ಓದಬೇಕು ಅನಿಸಿತು ಎಂದು ಕೇಳಿದರೆ ದಿನಕ್ಕೊಂದು ಉತ್ತರ. ಒಂದು ದಿನ ಕೆಲಸ ಕಾಯಂ ಆಗಬೇಕು ಅಂದರು, ಇನ್ನೊಂದು ದಿನ ಪೇಪರು ಓದಬೇಕು ಅಂದರು. ಗಣಿತ, ಇಂಗ್ಲಿಷು ಹೇಳುವಾಗ ಕಣ್ಣು ಮಂಜಾಗುವುದು. ನನ್ನ ನಕಾಶೆ ಗೋಡೆಗೆ ಬಿದ್ದರೆ ಮಾತ್ರ ಬೆನ್ನು ನೆಟ್ಟಗಾಗುವುದು. ನಾನು ಗಂಗಾ ಬಯಲಿನ ಮಣ್ಣಿನ ಬಗ್ಗೆ ಹೇಳುತ್ತಿದ್ದರೆ ಅವರು ಕೈ ಎತ್ತಿ, ‘ಅಕ್ಕೋರ, ಮಸ್ಕತ್ತಿನ್ಯಾಗ ಮಳಿ ಆಗ್ತದೇನ್ರಿ?’ ಅಂದರು. ಮರುದಿನ ಕಬ್ಬಿಣದ ಅದಿರು; ಅವರಿಗೆ ಮಸ್ಕತ್ತಿನಲ್ಲಿ ಜನ ಏನು ಉಡುತ್ತಾರೆ ಎಂದು ತಿಳಿಯಬೇಕು. ನನಗೆ ರೇಗಿತು. ಒಂದು ದಿನ ತರಗತಿ ಮುಗಿದ ಮೇಲೆ ನಿಲ್ಲಿಸಿ, ನಿಮಗೆ ಗಲ್ಫಿಗೆ ಹೋಗುವ ಹುಚ್ಚೇನಾದರೂ ಇದೆಯೇ ಎಂದು ಕೇಳಿದೆ.

ಅವರು ಬಾಗಿಲ ಕಲ್ಲನ್ನು ಕಾಲಿನಿಂದ ಸರಿಸುತ್ತ ಹೇಳಿದರು, ‘ನಾ ಹೋಗಿ ಭಾಳ ವರ್ಷ ಆತ್ರಿ ಅಕ್ಕೋರ. ಇನ್ನೂ ಬಂದಿಲ್ಲ.’

ಆಮೇಲೆ ಎಲ್ಲ ಹೊರಬಂತು. ಅವರು ಜೈಲಿಗೆ ಹೋದಾಗ ಮಗಳು ಸುನಂದಾಗೆ ಆಗಷ್ಟೇ ಮಾತು ಬರುತ್ತಿತ್ತು. ಹೆಂಡತಿ ನೀಲವ್ವ ಮೊದಲಿದ್ದ ಚಾಳಿನ ಸಾಲುಮನೆ ಬಿಟ್ಟು, ಗುರುತಿನವರಿಲ್ಲದ ಗೋರೆಗಾಂವಿನ ಚಾಳಿಗೆ ಬಂದು, ಗಂಡ ಮಸ್ಕತ್ತಿನಲ್ಲಿದ್ದಾರೆ ಅಂದರು. ಆಗ ಅದು ಎಲ್ಲರೂ ನಂಬುವ ಮಾತು. ಪ್ರತಿ ಚಾಳಿನಿಂದ ಒಬ್ಬರಾದರೂ ಗಲ್ಫಿನಲ್ಲಿರುತ್ತಿದ್ದರು. ಯಾಕೆ ಊರಿಗೆ ಬರುವುದಿಲ್ಲ ಅಂದರೆ ಪಾಸ್‌ಪೋರ್ಟು ಮಾಲೀಕನ ಕೈಯಲ್ಲಿದೆ, ರಜೆ ಕೊಡುವುದಿಲ್ಲ. ನೀಲವ್ವ ಜೋಳದ ರೊಟ್ಟಿ ಬಡಿದು ಮನೆಮನೆಗೆ ಕೊಟ್ಟು ಸಂಸಾರ ನಡೆಸಿದರು. ದೀಪಾವಳಿಗೆ ತಾವೇ ಫ್ರಾಕು ಕೊಂಡು, ಅಪ್ಪ ಕಳಿಸಿದ್ದು ಅನ್ನುತ್ತಿದ್ದರು. ಹುಡುಗಿ ಈಗ ಆರನೆಯ ಇಯತ್ತೆ. ಶಾಲೆಯಲ್ಲಿ ಎಲ್ಲರಿಗೂ ಅಪ್ಪನ ಮಸ್ಕತ್ತಿನದೇ ಸುದ್ದಿ. ಇವರು ಬಿಡುಗಡೆಯಾಗಿ ಎಷ್ಟೋ ತಿಂಗಳಾಗಿದ್ದರೂ ಮನೆಗೆ ಹೋಗಿರಲಿಲ್ಲ. ಹೇಗೆ ಹೋಗುವುದು? ಮಗಳು ಮೊದಲ ದಿನವೇ ಕೇಳುತ್ತಾಳಲ್ಲ, ಅಲ್ಲಿ ಏನೇನಿದೆ ಹೇಳು ಅಂತ. ನೀಲವ್ವ ವಾರಕ್ಕೊಮ್ಮೆ ಕಾಂದಿವಲಿ ಸ್ಟೇಷನ್ನಿನಲ್ಲಿ ಗಂಡನನ್ನು ಕಂಡು, ರೊಟ್ಟಿ ಗಂಟು ಕೊಟ್ಟು ಹೋಗುವರು.

ಇದೋ ನೋಡಿ ಮಾಸ್ತರರ ಒಳಗಿನ ಪ್ರೇರಣೆ. ಮನುಷ್ಯ ಓದಲು ಕೂತದ್ದು ಚೆನ್ನಾಗಿ ಸುಳ್ಳು ಹೇಳುವುದಕ್ಕೆ. ನಾನು ಮಾಸ್ತರರ ಹತ್ತಿರ ಉಸಿರು ಬಿಡಲಿಲ್ಲ. ಬಿಟ್ಟಿದ್ದರೆ ಅವರು ಸತ್ಯದ ಮೇಲೆ ಒಂದು ತಾಸು ಹೇಳುತ್ತಿದ್ದರು, ಸರಿಯಾದದ್ದನ್ನೇ ಹೇಳುತ್ತಿದ್ದರು. ಆದರೆ ಆ ಅಗಲ ಎದೆಯ ಮನುಷ್ಯ ಮಗಳ ಎದುರು ನಿಲ್ಲಲು ಧೈರ್ಯವಿಲ್ಲದೆ ವರ್ಕ್‌ಶಾಪಿನ ಮರದ ಪುಡಿಯಲ್ಲಿ ಮಲಗುತ್ತಿರುವುದು ನನಗೆ ಸಹಿಸಲಾಗಲಿಲ್ಲ. ಆಯಿತು, ಮಸ್ಕತ್ತು ತಾನೇ, ಕಲಿಸೋಣ ಅಂದುಕೊಂಡೆ.

ಆ ತಿಂಗಳುಗಳೇ ಒಂದು ಕನಸಿನಂತೆ ಕಳೆದವು. ಲೈಬ್ರರಿಯಿಂದ ದಪ್ಪ ನಕಾಶೆ ಪುಸ್ತಕ ತಂದೆ. ಹಳೆಯ ಪತ್ರಿಕೆಗಳ ಚಿತ್ರ ಕತ್ತರಿಸಿದೆ. ತರಗತಿಯಲ್ಲಿ ವಾಸು ಎಂಬ ಹೋಟೆಲಿನವನಿದ್ದ. ಅವನ ಅಣ್ಣ ಅಲ್ಲಿ ಅಡುಗೆ ಮಾಡುತ್ತಿದ್ದನಂತೆ. ಅವನಿಂದ ಗೋಡಂಬಿ ಬಣ್ಣದ ಬೆಟ್ಟ, ಅದರ ಮೇಲೆ ಒಂದು ಹುಲ್ಲುಕಡ್ಡಿಯೂ ಇಲ್ಲ, ನಡು ಮಧ್ಯಾಹ್ನ ಬೀದಿಯಲ್ಲಿ ನಾಯಿ ಕೂಡ ಇರುವುದಿಲ್ಲ ಎಂಬುದೆಲ್ಲ ಸಿಕ್ಕಿತು. ಬಿಳಿ ಮನೆಗಳನ್ನು, ಮೀನಿನ ಪೇಟೆಯನ್ನು, ಖರ್ಜೂರದ ತೋಟದಲ್ಲಿ ಹರಿಯುವ ಸಣ್ಣ ಕಾಲುವೆಯನ್ನು ನಾವೇ ಸಾಲಾಗಿ ಇಟ್ಟುಕೊಂಡು ಹೋದೆವು. ಮೇಲೆ ವಿಮಾನ ಹಾದರೆ ಪಾಠ ನಿಲ್ಲುವುದು. ಸದ್ದು ಸಾಯುವತನಕ ಗುರುಪಾದಪ್ಪ ತಲೆಯೆತ್ತಿ ಕೂರುವರು. ಹುರುಳಿಕಾಯಿ ಹೆಚ್ಚುತ್ತ ನಾನು ಮಸ್ಕತ್ತಿನ ಗಲ್ಲಿಯಲ್ಲಿ ನಡೆಯುತ್ತಿದ್ದೆ. ಲೋಕಲ್ ರೈಲಿನಲ್ಲಿ ಜೋತಾಡುವಾಗಲೂ ಕಣ್ಣು ಮುಚ್ಚಿದರೆ ಆ ಬೋಳು ಬೆಟ್ಟ. ಮೈಸೂರು ಮುಂಬಯಿ ಬಿಟ್ಟು ಮೂರನೆಯ ಊರು ನೋಡದವಳಿಗೆ ಅದು ಎಷ್ಟು ಸುಖ ಕೊಡುತ್ತಿತ್ತು ಅಂತೀರಿ. ಸಾರಿಗೆ ಉಪ್ಪು ಬೀಳದ ದಿನ ನಮ್ಮವರು, ‘ಮಸ್ಕತ್ತಿನಲ್ಲಿ ಉಪ್ಪು ಸಿಗುವುದಿಲ್ಲವೇನೆ?’ ಅನ್ನುವರು.

ಈ ನಡುವೆ ಒಂದು ವಿಚಿತ್ರ ನಡೆಯಿತು. ಮಳೆ ಯಾಕಿಲ್ಲ ಎಂದು ತಿಳಿಯಲು ಗಾಳಿಯ ಪಾಠ ಬೇಕಾಯಿತು. ಗಾಳಿಯಿಂದ ಹಾಯಿಹಡಗು, ಹಡಗಿನಿಂದ ವ್ಯಾಪಾರ, ಅಲ್ಲಿಂದ ಚರಿತ್ರೆ. ವೇಳೆಯ ವ್ಯತ್ಯಾಸಕ್ಕೆ ಗಣಿತ, ಅಂಗಡಿ ಬೋರ್ಡುಗಳಿಗೆ ಇಂಗ್ಲಿಷು. ಸುಳ್ಳಿನ ಬೆನ್ನು ಹತ್ತಿ ಹೋದವರು ಹತ್ತನೆಯ ಇಯತ್ತೆಯ ಅರ್ಧ ಪುಸ್ತಕ ಓದಿಯಾಗಿತ್ತು. ಕುಲಕರ್ಣಿ ಮಾಸ್ತರು ನನ್ನನ್ನು ಕರೆದು ಹೊಗಳಿದರು. ನಾನು ನೆಲ ನೋಡುತ್ತ ನಿಂತೆ.

ಎಲ್ಲದರಲ್ಲಿ ಗುರುಪಾದಪ್ಪನವರಿಗೆ ಅಚ್ಚುಮೆಚ್ಚಾದದ್ದು ಒಂದು ಚಿತ್ರ. ದಿನದ ಕೆಲಸ ಮುಗಿಸಿ ದಂಡೆಗೆ ಹೋಗಿ ಕೂರುತ್ತಿದ್ದೆ, ಸೂರ್ಯ ಸಮುದ್ರದಲ್ಲಿ ಮುಳುಗುವುದನ್ನು ನೋಡುತ್ತಿದ್ದೆ, ಆಗ ನಿನ್ನ ನೆನಪಾಗುತ್ತಿತ್ತು ಎಂದು ಮಗಳಿಗೆ ಹೇಳಬೇಕು. ಇದನ್ನು ಯಾರೂ ಕಲಿಸಿರಲಿಲ್ಲ, ಅವರೇ ಕಟ್ಟಿದ್ದು. ನಾನು ಸೊಗಸಾಗಿದೆ ಅಂದೆ.

ಕೊನೆಗೂ ಮನೆಗೆ ಹೋಗುವ ದಿನ ಬಂತು. ಹೊಸ ಸೂಟ್‌ಕೇಸು, ಅತ್ತರು, ಫಾರಿನ್ ಸೋಪು. ಖರ್ಜೂರವನ್ನು ನಾನೇ ಸ್ಟೇಷನ್ನಿನ ಎದುರಿನ ಅಂಗಡಿಯಿಂದ ಆರಿಸಿ ಕೊಟ್ಟೆ. ಕಾಂದಿವಲಿಯಿಂದ ಗೋರೆಗಾಂವಿಗೆ ಎರಡು ಸ್ಟೇಷನ್ನು. ಆದರೆ ಅವರು ರೈಲಿನಲ್ಲಿ ಸಾಂತಾಕ್ರೂಜ್‌ವರೆಗೆ ಬಂದು, ಏರ್‌ಪೋರ್ಟಿನ ಗೇಟಿಗೆ ಹೋಗಿ, ಅಲ್ಲಿಂದ ಟ್ಯಾಕ್ಸಿ ಹಿಡಿದು ಹಿಂದಕ್ಕೆ ಹೋದರು. ಇಡೀ ಚಾಳು ಟ್ಯಾಕ್ಸಿಯ ಸುತ್ತ ನೆರೆಯಿತಂತೆ. ಸುನಂದಾ ಬಾಗಿಲ ಹಿಂದೆ ನಿಂತು ನೋಡಿ, ಆಮೇಲೆ ಬಂದು ಅವರ ಕಿರುಬೆರಳು ಹಿಡಿದುಕೊಂಡಳಂತೆ. ಮರುದಿನ ಇದನ್ನು ಹೇಳುವಾಗ ಅವರು ಆ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡೇ ಇದ್ದರು. ನನಗೆ ಅಳು ಬಂತು. ಗೆದ್ದೆವು ಅನ್ನಿಸಿತು.

ಆದರೆ ದಿನ ಕಳೆದಂತೆ ಅವರು ಸೊರಗಿದರು. ಮಗಳು ದಿನಾ ಹೊಸ ಹೊಸ ಪ್ರಶ್ನೆ ಕೇಳುತ್ತಾಳೆ, ಇವರು ಉತ್ತರ ಕೊಡುತ್ತಾರೆ, ಅವಳು ನಂಬುತ್ತಾಳೆ. ಅವಳು ನಂಬಿದಷ್ಟೂ ಇವರಿಗೆ ಊಟ ಸೇರದು. ಒಂದು ಸಂಜೆ ಎಲ್ಲರೂ ಹೋದ ಮೇಲೆ ಬೆಂಚಿನಲ್ಲೇ ಕೂತಿದ್ದರು. ಏನು ಅಂದೆ.

‘ನನ್ನ ಮಗಳಿಗಿ ಮಸ್ಕತ್ ಅಂತ ಹೇಳಿದ್ವಿ. ಆ ಸತ್ತ ಮನಶ್ಯಾನ ಮಕ್ಕಳಿಗಿ ಮನ್ಯಾಗ ಯಾವ ಊರ ಹೇಳಿರಬೇಕ್ರಿ ಅಕ್ಕೋರ?’

ನಾನು ಗೋಡೆಯ ನಕಾಶೆಯನ್ನು ಇಳಿಸಿ ಸುತ್ತಿಟ್ಟೆ.

ಪರೀಕ್ಷೆಗೆ ಮುಂಚಿನ ಒಂದು ಭಾನುವಾರ ನೀಲವ್ವ, ಅಕ್ಕೋರು ನಮ್ಮ ಜೊತೆ ಒಮ್ಮೆಯಾದರೂ ಬರಬೇಕು ಎಂದು ಹೇಳಿಕಳಿಸಿದರು. ಜುಹು ಬೀಚಿಗೆ ಹೋದೆವು. ನಾಲ್ಕು ಜನ ಮರಳಿನಲ್ಲಿ ಕೂತು ಭೇಲ್ ತಿನ್ನುತ್ತಿದ್ದೆವು. ಸೂರ್ಯ ನೀರಿಗಿಂತ ತುಸು ಮೇಲೆ ಇದ್ದ. ಸುನಂದಾ ಎರಡು ಜಡೆಯ, ಗಂಭೀರ ಮುಖದ ಹುಡುಗಿ. ನಾನು ಅವಳನ್ನು ನೋಡಿದ್ದು ಅದೇ ಮೊದಲು. ಗುರುಪಾದಪ್ಪ ಅಭ್ಯಾಸದಂತೆ ತಮ್ಮ ಚಿತ್ರ ತೆಗೆದರು: ಅಲ್ಲೂ ಹಿಂಗೇ ಕೂತು ನೋಡ್ತಿದ್ದೆ, ಹಿಂಗೇ ಸಮುದ್ರದಾಗ ಮುಳುಗ್ತಿದ್ದ.

ಹುಡುಗಿ ತಿನ್ನುವುದನ್ನು ನಿಲ್ಲಿಸಿದಳು. ‘ಅಪ್ಪಾ, ನಕಾಶೆದಾಗ ಮಸ್ಕತ್ತಿಗಿ ಸಮುದ್ರ ಪೂರ್ವಕ್ಕ ಅದ. ಸೂರ್ಯ ಅದರಾಗ ಹೆಂಗ ಮುಳುಗ್ತಾನ?’

ಅವಳು ಸುಳ್ಳು ಹಿಡಿಯಬೇಕೆಂದು ಕೇಳಿದ್ದಲ್ಲ. ತಿಳಿಯದೆ ಕೇಳಿದ್ದು. ಸೂರ್ಯ ಸಮುದ್ರದಲ್ಲಿ ಮುಳುಗುತ್ತಾನೆ ಎಂಬುದು ಮುಂಬಯಿಯವರಿಗೆ ಅಕ್ಕಿ ಬೆಂದರೆ ಅನ್ನವಾಗುವಷ್ಟು ಸಹಜ. ಗಾಳಿ, ಮಳೆ, ಖರ್ಜೂರ ಎಲ್ಲ ಅಳೆದು ಸುರಿದ ನಾವು ಅದನ್ನು ಮಾತ್ರ ನಕಾಶೆಯಲ್ಲಿ ನೋಡಿಯೇ ಇರಲಿಲ್ಲ. ಭೂಗೋಳದ ಟೀಚರು ನಾನು, ಬಾಯಲ್ಲಿ ಭೇಲ್ ತುಂಬಿಕೊಂಡು, ಅದು ಹಾಗಲ್ಲ ಪುಟ್ಟಾ, ಅಲ್ಲಿ ದಂಡೆ ಸ್ವಲ್ಪ ತಿರುಗಿದೆ ಎಂದು ಏನೋ ತೇಪೆ ಹಾಕಲು ಹೊರಟೆ.

‘ಬ್ಯಾಡ್ರಿ ಅಕ್ಕೋರ,’ ಅಂದರು ಗುರುಪಾದಪ್ಪ. ಆಮೇಲೆ ಮಗಳಿಗೆ ಹೇಳಿದರು, ‘ನಾ ಮಸ್ಕತ್ತಿಗಿ ಹೋಗಿಲ್ಲವ್ವಾ. ನಾ ಜೇಲಿನ್ಯಾಗ ಇದ್ದೆ.’

ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹುಡುಗಿ ಯಾಕೆ ಎಂದು ಕೇಳಿದಳು. ಅವರು ಏನನ್ನೂ ಮೃದು ಮಾಡದೆ ಹೇಳಿದರು: ಜಗಳವಾಯಿತು, ಒಬ್ಬನಿಗೆ ಹೊಡೆದೆ, ಅವನು ಸತ್ತ, ಅವನಿಗೂ ಮಕ್ಕಳಿದ್ದರು. ಎಷ್ಟೋ ಹೊತ್ತು ಅವಳು ಮರಳಿನಲ್ಲಿ ಬೆರಳಿನಿಂದ ಗೆರೆ ಎಳೆಯುತ್ತಿದ್ದಳು. ಕೊನೆಗೆ, ಮತ್ತೆ ಈ ಸೂರ್ಯ ಮುಳುಗುವುದನ್ನು ಯಾಕೆ ಹೇಳಿದೆ ಎಂದು ಕೇಳಿದಳು.

‘ಆ ಹೊತ್ತಿಗಿ ನಮ್ಮನ್ನ ಒಳಗ ಹಾಕಿ ಕೀಲಿ ಹಾಕ್ತಿದ್ರು. ಅಷ್ಟು ವರ್ಷ ಒಂದ ಸಲಾನೂ ನೋಡಲಿಲ್ಲ. ಹೊರಗ ಇದ್ದಾಂವ ಏನ ಮಾಡ್ತಾನ ಅಂದ್ರ, ನನಗ ಅದ ಒಂದ ಹೊಳೀತು.’

ಹಳದಿ ಬೆಳಕಿನಲ್ಲಿ ಅವರು ಬಾಗಿಲಿಗೆ ಕಲ್ಲು ಇಡುತ್ತಿದ್ದುದು ಯಾಕೆಂದು ನನಗೆ ಆಗ ತಿಳಿಯಿತು. ಆವತ್ತು ಸೂರ್ಯ ಯಾವಾಗ ಮುಳುಗಿದನೋ, ನಾಲ್ವರಲ್ಲಿ ಒಬ್ಬರೂ ನೋಡಲಿಲ್ಲ. ವಾಪಸು ಬಸ್ಸಿನಲ್ಲಿ ಹುಡುಗಿ ಅಮ್ಮನ ಪಕ್ಕದಲ್ಲಿ ಕೂತಳು, ಅಪ್ಪನ ಕಡೆ ತಿರುಗಲಿಲ್ಲ.

ಆಮೇಲಿನ ದಿನಗಳು ಬಹಳ ಕಷ್ಟದವು. ಅವರು ಮನೆಯಲ್ಲೇ ಇದ್ದರು, ನೆಂಟರಂತೆ. ಮಗಳು ತಟ್ಟೆ ತಂದಿಡುತ್ತಾಳೆ, ಮಾತಿಲ್ಲ. ಶಾಲೆಯಲ್ಲಿ ಮಸ್ಕತ್ತಿನ ಸುದ್ದಿ ಎತ್ತುವುದನ್ನೂ ಬಿಟ್ಟಿದ್ದಾಳೆ. ಮತ್ತೆ ವರ್ಕ್‌ಶಾಪಿಗೆ ಹೋಗಿಬಿಡಲೇ ಎಂದು ಕೇಳಿದರು. ಬೇಡ ಅಂದೆ. ನನ್ನ ಮಾತಿನಲ್ಲಿ ಬಲವಿರಲಿಲ್ಲ. ಮಗುವಿನಿಂದಲೇ ಅಪ್ಪನನ್ನು ಕಿತ್ತುಕೊಳ್ಳುವಂಥ ಭೂಗೋಳ ಕಲಿಸಿದೆವಲ್ಲ ಎಂದು ರಾತ್ರಿ ನಮ್ಮವರ ಹತ್ತಿರ ಹೇಳಿಕೊಂಡು ಅತ್ತೆ. ಅವರು ಆವತ್ತು ತಮಾಷೆ ಮಾಡಲಿಲ್ಲ.

ಬೇಸಗೆ ಏರುತ್ತಿತ್ತು. ಒಂದು ಸಂಜೆ ಆಗಷ್ಟೇ ಹಾಜರಿ ಕೂಗಿ ಮುಗಿಸಿದ್ದೆ. ಬಾಗಿಲಲ್ಲಿ ಎರಡು ಜಡೆ. ಹಿಂದೆ, ನಡೆದು ದಣಿದ ನೀಲವ್ವ. ಗುರುಪಾದಪ್ಪ ಬೆಂಚಿನಿಂದ ಅರ್ಧ ಎದ್ದು ಹಾಗೇ ನಿಂತರು. ಹುಡುಗಿ ಅವರನ್ನು ನೋಡಲಿಲ್ಲ, ನನ್ನನ್ನು ಕೇಳಿದಳು.

‘ಅಕ್ಕೋರ, ಅಪ್ಪನ್ನ ಇವತ್ತ ಲಗೂ ಬಿಡ್ತೀರೇನು? ಸೂರ್ಯ ಮುಳುಗೂದರೊಳಗ ಹೋಗಬೇಕು. ಆವತ್ತ ನೋಡಲಿಲ್ಲ.’

ನಾನು ಬಾಗಿಲ ಕಡೆ ಕೈ ಮಾಡಿ ತೋರಿಸಿದೆ. ಅವರು ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಗೆ ಹೋಗಿ, ಮತ್ತೆ ಬಂದು ಮೆಟ್ಟಿಕೊಂಡು ಹೋದರು. ಬಾಗಿಲ ಕಲ್ಲು ಕಾಲಿಗೆ ಸಿಕ್ಕಿ ಪಕ್ಕಕ್ಕೆ ಉರುಳಿತು. ಅವರು ಅದನ್ನು ತಿರುಗಿ ಇಡಲಿಲ್ಲ.

ಆ ವರ್ಷ ಅವರು ಪಾಸಾದರು, ಕೆಲಸ ಕಾಯಂ ಆಯಿತು. ಭೂಗೋಳದಲ್ಲಿ ಮಾತ್ರ ಅಷ್ಟಕ್ಕಷ್ಟೆ. ಮಸ್ಕತ್ತಿನ ಬಗ್ಗೆ ಪ್ರಶ್ನೆಯೇ ಬಂದಿರಲಿಲ್ಲವಂತೆ. ಒಳಗಿನ ಪ್ರೇರಣೆಗೆ ಉದಾಹರಣೆಯಾಗಿ ಕುಲಕರ್ಣಿ ಮಾಸ್ತರು ಬಹಳ ಕಾಲ ಅವರ ಹೆಸರು ಹೇಳುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಶಾಲೆ ಮುಚ್ಚಿ ಎಷ್ಟೋ ಕಾಲವಾಯಿತು, ಅವರೆಲ್ಲ ಈಗ ಎಲ್ಲಿದ್ದಾರೋ ನನಗೆ ತಿಳಿಯದು.

ಇಷ್ಟೆಲ್ಲ ನೆನೆಯುತ್ತ ಕೂತವಳು ಖರ್ಜೂರವನ್ನು ತಟ್ಟೆಗೆ ಸುರಿದು, ಶಾಂತಕ್ಕನ ಡಬ್ಬಿಯನ್ನು ಬಚ್ಚಲಿಗೆ ಒಯ್ದು, ತಳದ ಚೀಟಿಯನ್ನು ನೆನೆಸಿ ಉಗುರಿನಿಂದ ಕೆರೆದು ತೆಗೆದೆ. ಒರೆಸಿ, ಬರಿದಾಗಿ ಕೊಡಬಾರದಲ್ಲ, ಒಂದಿಷ್ಟು ಕೋಡುಬಳೆ ತುಂಬಿ ಎದುರು ಮನೆಯ ಬೆಲ್ ಒತ್ತಿದೆ. ಬಾಗಿಲು ತೆಗೆದದ್ದು ಮೊಮ್ಮಗಳು. ಕನ್ನಡ ತಡವರಿಸುವ ಮಗು. ‘ಆಂಟಿ, ಖಜೂರ್ ಅಚ್ಛಾ ಥಾ ನಾ? ಪಪ್ಪಾ ದುಬೈ ಸೇ ತಂದ್ರು,’ ಅಂದಿತು. ತುಂಬಾ ಚೆನ್ನಾಗಿತ್ತು ಅಂದೆ. ಅದರ ಹಿಂದೆ ಅಳಿಯ ಬಂದು ನಿಂತ. ಸಣ್ಣಗಾಗಿದ್ದ. ಡಬ್ಬಿ ಕೈಗೆ ತೆಗೆದುಕೊಂಡು, ಗೊತ್ತಿಲ್ಲದೆಯೇ ಅನ್ನುವಂತೆ ತಳ ಎತ್ತಿ ನೋಡಿದ. ಆಮೇಲೆ ನನ್ನನ್ನು ನೋಡಿದ.

ನಾನು ಮಗುವಿನ ತಲೆ ಸವರಿದೆ.

‘ಮಗಳನ್ನು ಕರೆದುಕೊಂಡು ಒಂದು ಸಲ ಜುಹುಗೆ ಹೋಗಿ ಬಾಪ್ಪಾ,’ ಅಂದೆ. ‘ಬಿಸಿಲು ಇಳಿಯುವುದರೊಳಗೆ.’